ಹದಿನೇಳನೆಯ ನಗು

ನಗುವಿಗೂ ಒಬ್ಬ ಮುಂದಾಳು ಬೇಕು. ಮೊದಲ ಕುರಿ ಹಳ್ಳ ಹಾರಿದರೆ ಉಳಿದ ಮಂದೆಯೆಲ್ಲ ಕಣ್ಣು ಮುಚ್ಚಿ ಹಾರುವ ಹಾಗೆ, ತುಂಬಿದ ಸಭೆಯಲ್ಲಿ ಯಾರೋ ಒಬ್ಬರು ಮೊದಲು ನಕ್ಕುಬಿಟ್ಟರೆ ಮುನ್ನೂರು ಜನ ಅವರ ಬಾಲ ಹಿಡಿದು ನಗುತ್ತಾರೆ. ಯಾರೂ ಮೊದಲು ನಗದಿದ್ದರೆ ಎಂಥ ಚಿನ್ನದಂಥ ಜೋಕೂ ನೀರಿಗೆ ಬಿದ್ದ ಬೆಂಕಿಕಡ್ಡಿ. ಈ ಗುಟ್ಟು ಕತ್ತರಿಗೆ ಅನ್ನ ಹಾಕುತ್ತಿತ್ತು.

ಕತ್ತರಿ ಎಂದು ಅವಳನ್ನು ಕರೆಯುತ್ತಿದ್ದವರು ಸ್ಟುಡಿಯೋದವರು. ಮೂರನೇ ಮಹಡಿಯ ಕಿಟಕಿಯಿಲ್ಲದ ಕೋಣೆ ಅವಳದು. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಮೇಜಿನ ಮೇಲೆ ಎರಡು ಪರದೆ, ಕಿವಿಗೆ ದಪ್ಪ ಹೆಡ್‌ಫೋನು. ಸ್ಟ್ಯಾಂಡ್-ಅಪ್ ಕಾಮಿಡಿ ಹೇಳುವವರ ಕಾರ್ಯಕ್ರಮ ಯಾವುದೋ ಹಾಲ್‌ನಲ್ಲಿ ರೆಕಾರ್ಡ್ ಆಗಿ ಬರುತ್ತಿತ್ತು. ಅವಳು ಕೆಮ್ಮು ಕತ್ತರಿಸುತ್ತಿದ್ದಳು, ಕುರ್ಚಿಯ ಕಿರ್ರೆನ್ನುವ ಸದ್ದು ಕತ್ತರಿಸುತ್ತಿದ್ದಳು, ನಗು ತೆಳ್ಳಗಿದ್ದ ಕಡೆ ನಗು ಹೊಲಿಯುತ್ತಿದ್ದಳು. ಅದಕ್ಕೆಂದೇ ಅವಳ ಕಂಪ್ಯೂಟರಿನಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಇನ್ನೂರ ನಲವತ್ತು ನಗು. ಗಂಟಲಲ್ಲೇ ಸಾಯುವ ನಗು, ಮೂಗಿನಿಂದ ಬರುವ ನಗು, ಗಂಡ ನಕ್ಕ ಮೇಲೆ ಅರ್ಥವಾಗದೆ ನಗುವ ಹೆಂಡತಿಯ ನಗು. ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

ಅವುಗಳಲ್ಲಿ ಮುಂದಾಳು ನಗು ಬೆರಳೆಣಿಕೆಯಷ್ಟು. ಅವುಗಳ ರಾಣಿ ಹದಿನೇಳು.

ಹದಿನೇಳು ಅವಳ ಅಮ್ಮನ ನಗು.

ಅಮ್ಮ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದಳು. ವಾರ್ಡ್‌ಗಳಿಂದ ಕೊಳೆ ಬೆಡ್‌ಶೀಟು ಎತ್ತಿ ತರುವುದು, ಒಗೆದು ಬಂದದ್ದನ್ನು ಮಡಚುವುದು. ಲಾಂಡ್ರಿಯ ಆರು ಹೆಂಗಸರೂ ಒಂದೇ ಜನ. ಅವರ ಮುತ್ತಾತಂದಿರನ್ನು ಬಂದರು ಕಟ್ಟಲು ಕಡಲಾಚೆಯಿಂದ ಹಡಗಿನಲ್ಲಿ ತುಂಬಿಕೊಂಡು ಬಂದಿದ್ದರಂತೆ. ಬಂದರು ಕಟ್ಟಿ ಮುಗಿದು ನೂರು ವರ್ಷವಾದರೂ ಅವರ ಕಪ್ಪು ಮೈ, ಸುರುಳಿ ಕೂದಲು ಊರಿನ ಕಣ್ಣಿಗೆ ಇನ್ನೂ ಹೊಸದು. ಎದುರಿಗೆ ‘ನಿಮ್ಮ ಜನ’ ಅನ್ನುವರು, ಬೆನ್ನ ಹಿಂದೆ ‘ಇದ್ದಿಲು’ ಅನ್ನುವರು.

ಹೊಸ ರೆಕಾರ್ಡರು ಕೊಂಡ ದಿನ ಕತ್ತರಿ ಅದನ್ನು ಅಡುಗೆಮನೆಗೆ ತಂದಿದ್ದಳು. ಅಮ್ಮ ಬಿಸಿನೀರಿನ ಬಕೆಟ್‌ನಲ್ಲಿ ಕಾಲಿಳಿಬಿಟ್ಟು ಕುಳಿತು, ಆವತ್ತು ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತಿದ್ದಳು.

"ಆಪರೇಷನ್ ಆಗಿ ಮಲಗಿದ್ದ ಮುದುಕಪ್ಪ ಕಣೇ. ನಾನು ಮಂಚದ ಶೀಟು ಎಳೀತಿದೀನಿ, ಕಣ್ಣು ಬಿಟ್ಟ. ನನ್ನ ಮುಖ ನೋಡಿ, 'ಅಯ್ಯೋ, ಯಮದೂತೆ ಬಂದ್ಲು! ಇದನ್ನ ತಗೋ, ನನ್ನ ಬಿಟ್ಬಿಡು' ಅಂತ ಬೆರಳಿಂದ ಉಂಗುರ ಕಿತ್ತು ಕೊಟ್ಟ. ನಾನು ಅದನ್ನ ವಾಪಸ್ ಅವನ ಬೆರಳಿಗೇ ಹಾಕಿ, 'ಅಜ್ಜಾ, ನಿಮ್ಮನ್ನ ಕರ್ಕೊಂಡು ಹೋಗೋ ಡಿಪಾರ್ಟ್‌ಮೆಂಟೇ ಬೇರೆ. ನಂದು ಬರೀ ಬೆಡ್‌ಶೀಟು' ಅಂದೆ."

ಇಷ್ಟು ಹೇಳಿ ಅಮ್ಮ ನಕ್ಕಳು. ಹೊಟ್ಟೆಯ ತಳದಿಂದ ಎದ್ದು, ಎದೆಯಲ್ಲಿ ಒಂದು ಕ್ಷಣ ತಡೆದು, ಆಮೇಲೆ ಕಟ್ಟೆಯೊಡೆದ ನಗು. ಬಕೆಟ್ಟಿನ ನೀರು ನೆಲಕ್ಕೆಲ್ಲ ಚೆಲ್ಲಿತು.

ಕತ್ತರಿ ಕಸುಬಿನ ನಿಯಮದಂತೆ ಮಾತನ್ನು ಕತ್ತರಿಸಿ ಎಸೆದಳು, ನಗುವನ್ನು ಇಟ್ಟುಕೊಂಡಳು. ನಗುವಿನ ಪೆಟ್ಟಿಗೆಯಲ್ಲಿ ಮಾತಿನ ಚೂರು ಉಳಿದರೆ ಅದು ಅನ್ನದಲ್ಲಿ ಕಲ್ಲಿದ್ದ ಹಾಗೆ. ಏಳು ಕಡಲಾಚೆಯ ಗಿಳಿಯೊಳಗೆ ಜೀವ ಬಚ್ಚಿಟ್ಟವರ ಕತೆ ಕೇಳಿ ಬೆಳೆದ ಹುಡುಗಿ ಅವಳು. ಅಮ್ಮನ ನಗುವನ್ನು ಪೆಟ್ಟಿಗೆಯಲ್ಲಿಟ್ಟಾಗ ಅದಿನ್ನು ಸಾಯುವುದೇ ಇಲ್ಲ ಎಂದು ಖುಷಿಪಟ್ಟಿದ್ದಳು.

ಅಮ್ಮನಿಗೂ ಅದು ಹೆಮ್ಮೆಯೇ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ ಬಂದರೆ ಮಶೀನು ಆರಿಸಿ, ಲಾಂಡ್ರಿಯ ಕಪಾಟಿನ ಮೇಲೆ ಫೋನು ನಿಲ್ಲಿಸಿ ಆರು ಹೆಂಗಸರೂ ಕೇಳುತ್ತಿದ್ದರು. ಮಂತ್ರಿಗಳ ಜೋಕಿಗೋ ಮಾವಂದಿರ ಜೋಕಿಗೋ ಹದಿನೇಳು ಸಿಡಿದರೆ ಅಮ್ಮ ಕೈಯೆತ್ತುತ್ತಿದ್ದಳಂತೆ: "ಕೇಳಿ, ಕೇಳಿ, ಈಗ ನಕ್ಕಿದ್ದು ನಾನು!" ಅದು ಹೇಗೆ ಅಲ್ಲಿಗೆ ಹೋಯಿತೆಂದು ಕೇಳಿದರೆ ಗುಟ್ಟು ಬಿಡುತ್ತಿರಲಿಲ್ಲ. "ನಾನೇನು ಕಮ್ಮಿನಾ? ಹಾಲ್‌ನಲ್ಲಿ ನಂಗೆ ಮುಂದಿನ ಸೀಟು" ಅನ್ನುತ್ತಿದ್ದಳು.

ಸ್ಟುಡಿಯೋದ ದೊಡ್ಡ ಹೆಸರು ಪಟಾಕಿ. ಬಾಯಿ ತೆರೆದರೆ ಸಿಡಿಯುವವನು ಎಂದು ಜನ ಇಟ್ಟ ಹೆಸರು. ಮನುಷ್ಯ ಕೆಟ್ಟವನಲ್ಲ. ಕೆಲಸ ಹುಡುಕಿಕೊಂಡು ಬಂದ ಕತ್ತರಿಯನ್ನು ನೋಡಿ ಮೇಲಿನವರು ಮುಖ ಕಿವುಚಿದಾಗ "ಕಿವಿಗೆ ಬಣ್ಣ ಇರುತ್ತೇನ್ರೀ?" ಎಂದು ಗದರಿ ಒಳಗೆ ಕರೆತಂದವನು ಅವನೇ. ಟೀ ಹೊತ್ತಿಗೆ ಅವಳ ಕೋಣೆಗೆ ಬಂದು ನೆಲದ ಮೇಲೆ ಕುಳಿತು ಏನಾದರೂ ಹೇಳೆಂದು ಪೀಡಿಸುತ್ತಿದ್ದ. ಹಾಗೊಂದು ದಿನ ಅವಳು ಮುದುಕಪ್ಪನ ಉಂಗುರದ ಕತೆ ಹೇಳಿದಳು. ಅಮ್ಮನ ದನಿ, ಅಮ್ಮನ ಕೈ, ಎಲ್ಲವನ್ನೂ ಮಾಡಿ ತೋರಿಸಿದಳು. ಪಟಾಕಿ ಹೊಟ್ಟೆ ಹಿಡಿದುಕೊಂಡು ಉರುಳಾಡಿದ.

"ನಿಮ್ಮಮ್ಮ ದೇವತೆ ಕಣೇ!" ಅಂದ.

ಎರಡು ತಿಂಗಳ ಮೇಲೆ ಆ ಕತೆ ಅವಳ ಹೆಡ್‌ಫೋನಿಗೇ ತಿರುಗಿ ಬಂತು.

ಪಟಾಕಿಯ ಬಾಯಲ್ಲಿ ಅದು ಹೀಗಿತ್ತು. ವಾರ್ಡು ಕತ್ತಲು. ಮುದುಕ ಕಣ್ಣು ಬಿಡುತ್ತಾನೆ. ಎದುರಿಗೆ ಯಾರೂ ಇಲ್ಲ, ಗಾಳಿಯಲ್ಲಿ ಬರೀ ಒಂದು ಸಾಲು ಬಿಳಿ ಹಲ್ಲು ತೇಲುತ್ತಿದೆ. "ಯಾರಪ್ಪಾ ಅದು?" ಅಂದರೆ ಹಲ್ಲು ಹೇಳುತ್ತದೆ, "ನಾನು ಲಾಂಡ್ರಿಯವ್ಳು." ಮುದುಕ ಹೆದರಿ ಸತ್ತೇ ಹೋಗುತ್ತಾನೆ. ಬೆಳಿಗ್ಗೆ ನೋಡಿದರೆ ಬೆರಳಲ್ಲಿ ಉಂಗುರವಿಲ್ಲ. ಪೊಲೀಸರು ಅವಳ ಚೀಲ ಹುಡುಕಿದರು, ಸೆರಗು ಹುಡುಕಿದರು, ಇಲ್ಲ. "ಕೊನೆಗೆ ಇನ್‌ಸ್ಪೆಕ್ಟರು, 'ಲೈಟ್ ಆಫ್ ಮಾಡ್ರೋ' ಅಂದ. ಲೈಟ್ ಆಫ್. ಹಲ್ಲು ತೇಲ್ತಾ ಇದೆ. ಬಿಳಿ, ಬಿಳಿ, ಬಿಳಿ... ಮಧ್ಯ ಒಂದು ಚಿನ್ನದ ಹಳದಿ!"

ಹಾಲ್ ಬಿದ್ದು ಬಿದ್ದು ನಕ್ಕಿತ್ತು. ಆದರೆ ಕೊನೆಯ ಮಾತಿಗೂ ನಗುವಿಗೂ ನಡುವೆ ಒಂದು ಹಳ್ಳವಿತ್ತು. ಪೂರ್ತಿ ಎರಡು ಸೆಕೆಂಡು. ಎಡಗಡೆಯ ಮೈಕಿನಲ್ಲಿ ಯಾರೋ ಕುರ್ಚಿ ಸರಿಸಿ ಎದ್ದುಹೋದ ಸದ್ದು. ಮುನ್ನೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಗಬಹುದೋ ಬಾರದೋ ಎಂದು ಕೇಳಿಕೊಂಡಂಥ ಎರಡು ಸೆಕೆಂಡು.

ಕಾರ್ಯಕ್ರಮದ ಉಸ್ತುವಾರಿ ನೋಡುವ ಮೇಡಂ ಬಾಗಿಲಲ್ಲಿ ತಲೆಹಾಕಿ ಹೇಳಿದರು, "ಆ ಗ್ಯಾಪ್ ಮುಚ್ಚು. ಗ್ಯಾಪ್ ಇದ್ರೆ ಜೋಕ್ ತಪ್ಪು ಅನ್ಸುತ್ತೆ."

ಕತ್ತರಿ ಪಟಾಕಿಯನ್ನು ಕರೆಸಿದಳು. ಮೈಮೇಲೆ ಚೇಳು ಹರಿದಂತಾಗಿದ್ದರೂ ನಗುತ್ತಲೇ ಮಾತು ತೆಗೆದಳು. ಆ ಕೋಣೆಯಲ್ಲಿ ನಗದೆ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.

"ಪಟಾಕಿಯಣ್ಣ, ಉಂಗುರ ಅಮ್ಮ ವಾಪಸ್ ಕೊಟ್ಟಿದ್ಲಲ್ಲ."

"ವಾಪಸ್ ಕೊಟ್ರೆ ಅದು ನೀತಿಕತೆ ಆಗುತ್ತೆ ಕಣೇ, ಜೋಕ್ ಆಗಲ್ಲ."

"ಹಲ್ಲಿಂದು..."

"ನೋಡು, ನಾನು ನಮ್ಮಪ್ಪನ್ನ ಬಿಟ್ಟಿದೀನಾ? ಅವನ ಬೊಕ್ಕ ತಲೆ, ಅವನ ಜಿಪುಣತನ. ನಮ್ಮ ಜನದ ಹೊಟ್ಟೆಬಾಕತನ. ಕುಳ್ಳ, ಉದ್ದ, ದಪ್ಪ, ಎಲ್ಲರನ್ನೂ ಆಡ್ಕೋತೀನಿ. ನಿಮ್ಮನ್ನ ಮಾತ್ರ ಬಿಟ್ರೆ ಅದೇ ಭೇದಭಾವ ಅಲ್ವಾ?"

"ನಿಮ್ಮಪ್ಪನ ಬೊಕ್ಕ ತಲೆ ನೋಡಿ ಯಾರೂ ಪೊಲೀಸ್ ಕರೆಯಲ್ಲ ಅಣ್ಣ."

ಪಟಾಕಿ ಅವಳನ್ನೇ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಳ್ಳೆಯ ಮಾತು ಕೇಳಿದ ಮೆಚ್ಚುಗೆಯಿತ್ತು. "ಸರಿ. ಗೆರೆ ದಾಟಿದೀನಿ ಅಂತೀಯ. ಎಲ್ಲಿದೆ ಗೆರೆ? ನೀನೇ ಎಳಿ. ನಿಮ್ಮಮ್ಮ ಯಮದೂತೆ ಅಂದಾಗ ನೀನೂ ನಕ್ಕೆ, ಅವಳೂ ನಕ್ಲು, ನಾನೂ ನಕ್ಕೆ. ಅಲ್ಲಿಂದ ಇಲ್ಲಿಗೆ ಬರೋವಾಗ ಯಾವ ಪದದ ಹತ್ರ ದಾಟಿದೆ, ಬೆರಳಿಟ್ಟು ತೋರ್ಸು. ಅದನ್ನ ಕಿತ್ತು ಹಾಕ್ತೀನಿ."

ಅವಳು ಪರದೆಯ ಮೇಲಿನ ದನಿಯ ಗೆರೆಗಳನ್ನು ನೋಡಿದಳು. ಕೆಮ್ಮು ಎಲ್ಲಿದೆ ಎಂದರೆ ತಟ್ಟನೆ ಬೆರಳಿಡಬಲ್ಲವಳು. ಇದಕ್ಕೆ ಬೆರಳಿಡಲು ಆಗಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ತನ್ನನ್ನು ಒಳಗೆ ಕರೆತಂದವನು ಇವನೇ ಎಂಬುದೂ ಅಲ್ಲೇ ನಡುವೆ ನಿಂತಿತ್ತು.

"ಹೋಗ್ಲಿ ಬಿಡಿ" ಅಂದಳು.

"ಜಾಣೆ!" ಎಂದು ಅವಳ ತಲೆಗೆ ಮೊಟಕಿ ಹೋದ.

ಆಮೇಲೆ ಅವಳು ಹಳ್ಳ ಮುಚ್ಚಲು ಕುಳಿತಳು. ಐದನೇ ನಗು ಇಟ್ಟಳು, ಅಂಟಿಸಿದ್ದು ಗೊತ್ತಾಗುತ್ತಿತ್ತು. ಮೂವತ್ತೆರಡು ಇಟ್ಟಳು, ಕುಡುಕನ ಹಾಗಿತ್ತು. ಹನ್ನೊಂದು ನಗು ಬದಲಾಯಿಸಿದಳು, ಒಂದೂ ಕೂರಲಿಲ್ಲ. ಊಟದ ಹೊತ್ತು ದಾಟಿತ್ತು. ಬೇಸತ್ತು, ಯೋಚಿಸದೆ, ಕೈ ತಾನಾಗಿ ಹೋಗಿ ಹದಿನೇಳನ್ನು ಎಳೆದು ತಂದಿತು. ಬೀಗಕ್ಕೆ ಅದರದೇ ಕೀಲಿ ಸಿಕ್ಕಂತೆ ಅದು ಕಳಕ್ಕನೆ ಕೂತಿತು. ಕೂರದೆ ಏನು? ಆ ನಗು ಹುಟ್ಟಿದ್ದೇ ಆ ಕತೆಯ ಬೆನ್ನಿಗೆ. ಉಸಿರಿನ ಅಳತೆ, ತಡೆದ ಕ್ಷಣ, ಕಟ್ಟೆಯೊಡೆಯುವ ಹೊತ್ತು, ಎಲ್ಲ ಸರಿ. ಅಮ್ಮ ನಕ್ಕಳು, ಅವಳ ಹಿಂದೆ ಮುನ್ನೂರು ಜನ ನಕ್ಕರು.

ಕೆಲಸ ಎಷ್ಟು ನಯವಾಗಿತ್ತೆಂದರೆ, ಒಂದು ಗಳಿಗೆ ಕತ್ತರಿಗೆ ಸಂತೋಷವೇ ಆಯಿತು.

ಭಾನುವಾರ ಅಮ್ಮ ಕೆಲಸದಿಂದ ಬಂದವಳು ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

"ಅಮ್ಮ, ಏನಾಯ್ತು?"

"ತಲೆನೋವು."

"ಎಲ್ರೂ ಕಾರ್ಯಕ್ರಮ ಕೇಳಿದ್ರಾ?"

"ಮಶೀನ್ ಸದ್ದು. ಏನೂ ಕೇಳಿಸ್ಲಿಲ್ಲ."

ಕತ್ತರಿ ಅದನ್ನು ನಂಬಿದಳು. ನಂಬಬೇಕಿತ್ತು, ನಂಬಿದಳು. ಮಾರನೇ ದಿನದಿಂದ ಅಮ್ಮನ ಊಟದ ಡಬ್ಬಿ ಹೋದ ಹಾಗೇ ತುಂಬಿಕೊಂಡು ವಾಪಸ್ ಬರತೊಡಗಿತು. ಅಮ್ಮ ದಿನವೂ ಬಾಯಿಗೆ ನೀರು ಹಾಕಿಕೊಂಡು ಮುಕ್ಕಳಿಸುವುದು ಜಾಸ್ತಿಯಾಯಿತು. ಬಚ್ಚಲಲ್ಲಿ ನಿಂತು ಎರಡು ಸಲ, ಮೂರು ಸಲ, ಕೆಟ್ಟದ್ದೇನೋ ತಿಂದವಳ ಹಾಗೆ. ಕೇಳಿದರೆ ಹಲ್ಲುನೋವು ಅಂದಳು.

ಎರಡನೇ ವಾರದ ಒಂದು ಸಂಜೆ ಇಸ್ತ್ರಿಯಕ್ಕ ಬಂದಳು. ಲಾಂಡ್ರಿಯ ದೊಡ್ಡ ಉರುಳೆ ಇಸ್ತ್ರಿಯ ಯಂತ್ರ ನಡೆಸುವವಳು, ಆರು ಜನರಲ್ಲಿ ಹಿರಿಯಳು, ಕತ್ತರಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು. ಅಮ್ಮ ಅಂಗಡಿಗೆ ಹೋಗಿದ್ದಳು. ಇಸ್ತ್ರಿಯಕ್ಕ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಒಂದು ಸ್ಟೀಲ್ ಡಬ್ಬಿ ಮುಂದೆ ಹಿಡಿದಳು.

"ನಿಮ್ಮಮ್ಮಂದು. ನಮ್ಮನೇಲಿತ್ತು."

"ಒಳಗೆ ಬಾ ಅಕ್ಕ. ಹೊರಗೇ ನಿಂತಿದೀಯಲ್ಲ."

"ಬೇಡ ಮಗಳೇ." ಡಬ್ಬಿಯ ಮುಚ್ಚಳವನ್ನು ಒತ್ತಿದಳು. "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಹಾಲ್‌ಗೆ ನಿಮ್ಮಮ್ಮನ್ನ ನೀನ್ಯಾಕೆ ಕರ್ಕೊಂಡು ಹೋದೆ?"

"ಯಾವ ಹಾಲ್‌ಗೆ?"

"ಅದೇ, ಹಲ್ಲಿನ ಜೋಕ್ ಹೇಳಿದ್ನಲ್ಲ ಆ ಪಟಾಕಿ, ಅಲ್ಲಿಗೆ. ಆರೂ ಜನ ಕೂತು ಕೇಳಿದ್ವಿ. ಮೊದ್ಲು ನಕ್ಕಿದ್ದು ಅವಳೇ. ಆ ನಗು ನಂಗೆ ಗೊತ್ತಿಲ್ವಾ? ಮೂವತ್ತು ವರ್ಷದಿಂದ ಪಕ್ಕದಲ್ಲೇ ಕೇಳ್ತಿದೀನಿ. 'ಏನೇ, ನಮ್ಮನ್ನೇ ಕಳ್ಳಿ ಅಂದ್ರೆ ಹಂಗೆ ನಕ್ಕಿದೀಯಲ್ಲ' ಅಂದೆ. ತಲೆ ತಗ್ಗಿಸಿಕೊಂಡು, 'ಹೌದಕ್ಕ, ಹಾಲ್‌ಗೆ ಹೋಗಿದ್ದೆ. ನಗು ಬಂತು, ನಕ್ಕೆ' ಅಂದ್ಲು."

ನೆಲ ಬಾಯಿಬಿಡಬಾರದೇ ಅನ್ನುತ್ತಾರಲ್ಲ, ಆ ಮಾತು ಮಾತಲ್ಲ, ಬೇಡಿಕೆ ಎಂದು ಆಗ ಕತ್ತರಿಗೆ ತಿಳಿಯಿತು.

"ನಗಲಿ, ಬಿಡು" ಎಂದಳು ಇಸ್ತ್ರಿಯಕ್ಕ. "ಹೊಟ್ಟೆಪಾಡಿಗೆ ನಾವೂ ಯಾರ್ಯಾರ ಮುಂದೆಯೋ ನಕ್ಕಿದೀವಿ. ಆದ್ರೆ ಮೂರೇ ದಿನಕ್ಕೆ ಹೆಣ್ಮಕ್ಕಳ ವಾರ್ಡಲ್ಲಿ ಯಾರದೋ ಉಂಗುರ ಕಳೀತು. ಅವತ್ತಿಂದ ಶಿಫ್ಟ್ ಮುಗಿದ ಮೇಲೆ ಗೇಟಲ್ಲಿ ನಮ್ಮ ಆರು ಜನಕ್ಕೆ ಚೆಕಿಂಗು. ನರ್ಸ್‌ಗಳಿಗಿಲ್ಲ, ಅಡುಗೆಯವ್ರಿಗಿಲ್ಲ, ನಮಗೆ ಮಾತ್ರ. ಚೀಲ ನೋಡಿದ್ರೆ ನೋಡ್ಲಿ. ಬಾಯಿ ತೆಗೀ ಅಂತಾರೆ. ಟಾರ್ಚ್ ಬಿಟ್ಟು ಹಲ್ಲು ನೋಡ್ತಾರೆ. ಸಂತೇಲಿ ಎತ್ತಿಗೆ ನೋಡ್ತಾರಲ್ಲ, ಹಂಗೆ. ಮೊದ್ಲು ತಮಾಷೆಗೆ ಶುರು ಮಾಡಿದ್ರು. ಈಗ ಅದೇ ರೂಲ್ಸು."

"ಉಂಗುರ?"

"ಕಳ್ಕೊಂಡವಳದೇ ಸೋಪಿನ ಡಬ್ಬೀಲಿ ಸಿಕ್ತು, ಎರಡನೇ ದಿನಕ್ಕೆ. ಸಿಕ್ಕಿದ ಮೇಲೂ ಬಾಯಿ ತೆಗೀಬೇಕು." ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟಳು. "ನಮ್ಮ ಕೇರೀಲಿ ಮೇಲಿನ ಮಹಡಿಗೆ ಹತ್ತಿದವಳು ನೀನೊಬ್ಬಳೇ. ನಮ್ಮ ಮಕ್ಕಳಿಗೆಲ್ಲ ನಿನ್ನೇ ತೋರಿಸ್ತೀವಿ. ನೀನಾದ್ರೂ ಅವಳಿಗೆ ಬುದ್ಧಿ ಹೇಳು."

ಅವಳು ಮೆಟ್ಟಿಲಿಳಿದು ಹೋಗುವವರೆಗೆ ಕತ್ತರಿಗೆ ನಿಜ ಹೇಳಲು ನಾಲಗೆ ಏಳಲಿಲ್ಲ.

ಅಮ್ಮ ಬಂದ ಮೇಲೆ ಕೇಳಿದಳು, "ನೀನ್ಯಾಕೆ ಹಂಗೆ ಹೇಳ್ದೆ?"

ಅಮ್ಮ ಡಬ್ಬಿ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. ತರಕಾರಿ ಚೀಲ ಕೆಳಗಿಟ್ಟಳು. "ಮತ್ತೇನು ಹೇಳ್ಲಿ? ನನ್ನ ಮಗಳು ಮನೆ ಮಾತನ್ನ ಬೀದೀಲಿ ಹರವಿದ್ಲು, ಅದರ ಮೇಲೆ ನನ್ನ ನಗು ಅಂಟಿಸಿದ್ಲು ಅನ್ಲಾ? ನನ್ನ ಬೈದ್ರೆ ನಾಲ್ಕು ದಿನ. ನಿನ್ನ ಬೈದ್ರೆ ನಾಲ್ಕು ತಲೆಮಾರು."

"ನಾನು ಬೇಕು ಅಂತ ಮಾಡ್ಲಿಲ್ಲಮ್ಮ. ಕೆಲಸದ ಭರದಲ್ಲಿ..."

"ಗೊತ್ತು. ನಾನೂ ಕೆಲಸದವಳೇ. ಕೈ ತಾನೇ ಹೋಗುತ್ತೆ." ಇಷ್ಟು ಹೇಳಿ ಅಮ್ಮ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು.

ಮರುದಿನ ಕತ್ತರಿ ಮೇಡಂ ಮುಂದೆ ನಿಂತಳು. ಆ ಭಾಗ ತೆಗೆದುಬಿಡಿ, ಇಲ್ಲವಾದರೆ ಆ ನಗುವನ್ನಾದರೂ ತೆಗೆಯಲು ಬಿಡಿ ಎಂದಳು. ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾಲ್ಕು ಲಕ್ಷ ಜನ ಕೇಳಿ ಆಗಿದೆ. ಈಗ ತೆಗೆದ್ರೆ ನಾವೇ ತಪ್ಪು ಒಪ್ಕೊಂಡ ಹಾಗೆ. ಸುಮ್ನಿದ್ರೆ ತಾನಾಗೇ ತಣ್ಣಗಾಗುತ್ತೆ."

ಅವಳು ತನ್ನ ಕೋಣೆಗೆ ಬಂದು ಹಳೆಯ ರೆಕಾರ್ಡಿಂಗಿನ ಪೂರ್ತಿ ತುಂಡಿಗಾಗಿ ಹುಡುಕಿದಳು. ಉಂಗುರವನ್ನು ಮುದುಕನ ಬೆರಳಿಗೇ ಹಾಕಿದೆ ಎಂದು ಅಮ್ಮನ ಬಾಯಿಂದಲೇ ಬಂದ ಮಾತು ಸಿಕ್ಕರೆ ಅದನ್ನು ಲಾಂಡ್ರಿಗೆ ಒಯ್ದು ಕೇಳಿಸಬಹುದಿತ್ತು. ಸಿಗಲಿಲ್ಲ. ತಾನೇ ಕತ್ತರಿಸಿ, ತಾನೇ ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ತಾನೇ ಖಾಲಿ ಮಾಡಿದ್ದಳು.

ಪಟಾಕಿ ಬಂದಾಗ ಗೇಟಿನ ವಿಷಯ ಹೇಳಿದಳು. ಅವನು ಎಂದಿನಂತೆ ನೆಲದ ಮೇಲೆ ಕುಳಿತ. ಟಾರ್ಚಿನ ಮಾತು ಬಂದಾಗ ಅವನ ಮುಖ ನಿಜಕ್ಕೂ ಬಾಡಿತು.

"ಛೇ. ನಿಮ್ಮಮ್ಮಂಗೂನಾ?"

"ಅಮ್ಮಂಗೂ."

"ಆದ್ರೆ ಕತ್ತರಿ, ಉಂಗುರ ಕಳೆದಿದ್ದು ನನ್ನಿಂದ ಅಲ್ವಲ್ಲ. ಗೇಟಲ್ಲಿ ಕತ್ತೆಗಳನ್ನ ನಿಲ್ಸಿದ್ರೆ ನಾನೇನು ಮಾಡ್ಲಿ? ನಾನು ಹಾಲ್‌ನಲ್ಲಿ ಹೇಳಿದ್ದು. ಹಾಲ್ ಬಿಟ್ಟು ಹೋದ ಮೇಲೆ ಜೋಕಿಗೆ ನಾನು ಅಪ್ಪನಾ?"

"ಮತ್ಯಾರು ಅಪ್ಪ?"

ಅವನು ಸ್ಪಂಜಿನ ಗೋಡೆ ನೋಡುತ್ತ ಕುಳಿತ. ಏನೋ ಯೋಚಿಸುತ್ತಿದ್ದಾನೆ, ಪಶ್ಚಾತ್ತಾಪ ಇರಬಹುದು ಎಂದು ಕತ್ತರಿ ಕಾದಳು. ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕತೊಡಗಿದವು. ಆ ತಾಳ ಅವಳಿಗೆ ಗೊತ್ತಿತ್ತು. ಹೊಸ ಸಾಲು ಹೊಳೆದಾಗ ಹಾಕುವ ತಾಳ.

"ಗೇಟಲ್ಲಿ ನಿಂತು ಹಲ್ಲಿಗೆ ಟಾರ್ಚು..." ಎಂದ ಮೆಲ್ಲಗೆ. "ಇದನ್ನ ಹೇಳ್ಬಹುದಾ ನಾನು? ನಿಮ್ಮ ಪರವಾಗೇ ಹೇಳ್ತೀನಿ. ಆ ಗಾರ್ಡ್‌ಗಳ ಮಾನ ಕಳೀತೀನಿ. ಏನಂತೀಯ?"

ಕತ್ತರಿ ಹೆಡ್‌ಫೋನು ಹಾಕಿಕೊಂಡಳು. ಅದರಲ್ಲಿ ಏನೂ ಇರಲಿಲ್ಲ. ಅವನು ಎದ್ದುಹೋಗುವವರೆಗೆ ಆ ಏನೂ ಇಲ್ಲದ್ದನ್ನೇ ಕೇಳುತ್ತ ಕುಳಿತಳು. ಆಮೇಲೆ ಪೆಟ್ಟಿಗೆ ತೆರೆದು ಹದಿನೇಳನ್ನು ಅಳಿಸಿದಳು. ಅಳಿಸಿದರೇನು, ನೂರಾರು ಕಾರ್ಯಕ್ರಮಗಳಲ್ಲಿ ಅಮ್ಮ ಈಗಾಗಲೇ ನಕ್ಕಾಗಿತ್ತು.

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ಸ್ಟುಡಿಯೋದಿಂದಲೇ ಆಸ್ಪತ್ರೆಗೆ ಹೋದಳು. ಮಧ್ಯಾಹ್ನ ಒಂದೂವರೆ. ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಮೆಟ್ಟಿಲಿಳಿಯುತ್ತಿದ್ದಂತೆ ಬಿಸಿಹಬೆ ಮುಖಕ್ಕೆ ಬಡಿಯಿತು. ಬಟ್ಟೆ ಒಗೆಯುವ ಮೂರು ಡ್ರಮ್ಮುಗಳು ಗುಡುಗುತ್ತಿದ್ದವು. ಐದು ಹೆಂಗಸರು ಉರುಳೆ ಇಸ್ತ್ರಿಯ ಸುತ್ತ ಇದ್ದರು. ಅಮ್ಮ ದೂರದ ಮೂಲೆಯಲ್ಲಿ ಒಬ್ಬಳೇ ಬೆಡ್‌ಶೀಟು ಮಡಚುತ್ತಿದ್ದಳು. ಅದು ಇಬ್ಬರು ಮಾಡುವ ಕೆಲಸ. ಒಂದು ತುದಿಯನ್ನು ಕಿಟಕಿಯ ಕಂಬಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ನಡೆದು ಬಂದು, ಮತ್ತೆ ಹೋಗಿ ಬಿಡಿಸಿಕೊಳ್ಳುತ್ತಿದ್ದಳು.

ಅಮ್ಮ ಮಗಳನ್ನು ನೋಡಿದಳು. ಬೇಡ ಎಂದು ತಲೆಯಾಡಿಸಿದಳು.

ಕತ್ತರಿ ಇಸ್ತ್ರಿಯಕ್ಕನ ಮುಂದೆ ಹೋಗಿ ನಿಂತು ಹೇಳಿದಳು, "ಅಮ್ಮ ಹಾಲ್‌ಗೆ ಬಂದಿರ್ಲಿಲ್ಲ. ಆ ನಗು ಅಲ್ಲಿ ಇಟ್ಟಿದ್ದು ನಾನು."

"ಏನು?" ಇಸ್ತ್ರಿಯಕ್ಕ ಕಿವಿಗೆ ಕೈ ಹಿಡಿದಳು. "ಡ್ರಮ್ ಸದ್ದು, ಜೋರಾಗಿ ಹೇಳು!"

"ಆ ನಗು ಹಳೇದು! ಮನೇಲಿ ನಕ್ಕಿದ್ದು! ನಾನು ಕತ್ತರಿಸಿ ಅಂಟಿಸಿದ್ದು!"

"ಯಾವುದು ಹಳೇದು? ಶೀಟಾ?"

ಮೂರನೇ ಸಲ ಅವಳು ಕೂಗಿಯೇ ಹೇಳಬೇಕಾಯಿತು. ಸರಿಯಾಗಿ ಆಗಲೇ ಮೂರೂ ಡ್ರಮ್ಮುಗಳು ತಿರುಗುವುದನ್ನು ನಿಲ್ಲಿಸಿದವು. "ಆ ಕತೇನೂ ಅವನಿಗೆ ಹೇಳಿದ್ದು ನಾನೇ! ಅಮ್ಮ ಉಂಗುರ ವಾಪಸ್ ಕೊಟ್ಟಿದ್ಲು! ನಗು ಇಟ್ಟಿದ್ದು ನಾನೇ!" ಎಂಬುದು ನೆಲಮಾಳಿಗೆಯ ಮೂಲೆಮೂಲೆಗೂ ಕೇಳಿತು.

ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರೇನೋ. ಐವರೂ ಕೈಕೆಲಸ ಬಿಟ್ಟು ಅವಳನ್ನೇ ನೋಡಿದರು. ಅವರ ಕಣ್ಣಲ್ಲಿ ತಾನು ಒಂದೊಂದೇ ಮಹಡಿ ಕೆಳಗಿಳಿಯುತ್ತಿರುವುದು ಕತ್ತರಿಗೆ ಕಾಣಿಸಿತು. ಕಡೆಗೆ ಇಸ್ತ್ರಿಯಕ್ಕ ಅವಳನ್ನು ಏನೂ ಅನ್ನದೆ ದಾಟಿ, ಮೂಲೆಗೆ ಹೋಗಿ, ಕಿಟಕಿಯ ಕಂಬಿಯಿಂದ ಬೆಡ್‌ಶೀಟಿನ ತುದಿಯನ್ನು ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ಹೇಳ್ಬಾರ್ದಿತ್ತೇನೇ ಮೂದೇವಿ" ಅಂದಳು ಅಮ್ಮನಿಗೆ. "ಹನ್ನೆರಡು ದಿನ ಒಬ್ಬಳೇ ಮಡಚಿದೀಯಲ್ಲ."

ಅಮ್ಮನ ಕಣ್ಣು ತುಂಬಿತ್ತು. ಆದರೆ ಅವಳು ನೋಡುತ್ತಿದ್ದುದು ಮಗಳ ಕಡೆ. "ಯಾಕೆ ಬಂದೆ? ನಾನು ಹೊತ್ಕೊಂಡಿದ್ದೆ. ಮುಗೀತಾ ಬಂದಿತ್ತು. ನಿನಗೆ ಅಂತ ನನ್ನ ಹತ್ರ ಇದ್ದಿದ್ದು ಅದೊಂದೇ. ಅದನ್ನೂ ಎಸೆದ್ಬಿಟ್ಯಲ್ಲ."

"ಎಷ್ಟು ದಿನಾಂತ ಹೊರ್ತೀಯಮ್ಮ?"

"ನಾನೆಷ್ಟು ದಿನ ಹೊರ್ತೀನಿ ಅನ್ನೋದು ನಿನ್ನ ಕೆಲಸ ಅಲ್ಲ" ಎಂದಳು ಅಮ್ಮ. ಆ ದನಿಯನ್ನು ಕತ್ತರಿ ಹಿಂದೆಂದೂ ಕೇಳಿರಲಿಲ್ಲ. "ನಾನು ಹೇಳೋದು ನಂದು. ನಾನು ಹೇಳ್ದೇ ಇರೋದೂ ನಂದೇ. ಎರಡನ್ನೂ ನನ್ನ ಕೇಳ್ದೇ ತಗೊಂಡು ಹೋದೆ."

ಎರಡು ಗಂಟೆಗೆ ಶಿಫ್ಟ್ ಮುಗಿಯಿತು. ಆರು ಹೆಂಗಸರು ಚೀಲ ಹಿಡಿದು ಮೆಟ್ಟಿಲು ಹತ್ತಿದರು. ಇಸ್ತ್ರಿಯಕ್ಕ ಅಮ್ಮನ ತೋಳು ಹಿಡಿದು ಸಾಲಿನ ನಡುವೆ ಹಾಕಿಕೊಂಡಿದ್ದಳು. ಕತ್ತರಿ ಎಲ್ಲರ ಹಿಂದೆ.

ಗೇಟಿನಲ್ಲಿ ಇಬ್ಬರು ಗಾರ್ಡ್‌ಗಳು ಒಂದು ಮೇಜು ಹಾಕಿಕೊಂಡು ನಿಂತಿದ್ದರು. ಸುಡು ಬಿಸಿಲಿನಲ್ಲೂ ಒಬ್ಬನ ಕೈಯಲ್ಲಿ ಟಾರ್ಚು. ಹೊರಹೋಗುವ ರೋಗಿಗಳ ಕಡೆಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೆಲವರು ನಿಂತರು. ಒಬ್ಬ ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಕಿರಿಯ ಗಾರ್ಡ್ ಸಾಲನ್ನು ನೋಡುತ್ತ ಬಂದವನು ಕತ್ತರಿಯ ಕುತ್ತಿಗೆಯಲ್ಲಿದ್ದ ಕಾರ್ಡನ್ನು ಕಂಡು ನಿಂತ. ಅವಸರದಲ್ಲಿ ಅವಳು ಅದನ್ನು ತೆಗೆದಿಡಲು ಮರೆತಿದ್ದಳು.

"ಸ್ಟುಡಿಯೋದವ್ರಾ? ಪಟಾಕಿ ಇದಾರಲ್ಲ, ಅದೇ ಸ್ಟುಡಿಯೋ?" ಅವನ ಮುಖ ಅರಳಿತು. "ಅಯ್ಯೋ ಮೇಡಂ, ನೀವ್ಯಾಕೆ ಈ ಸಾಲಲ್ಲಿ? ನೀವು ಹೋಗಿ, ಹೋಗಿ. ಅವರಿಗೆ ಹೇಳಿ, ಇಲ್ಲಿ ಎಲ್ರೂ ಅವರ ಫ್ಯಾನ್ಸು!"

"ನಾನೂ ಇವರ ಜೊತೆಗೇ ಬಂದವಳು" ಎಂದಳು ಕತ್ತರಿ. "ನನ್ನೂ ಚೆಕ್ ಮಾಡಿ."

"ತಮಾಷೆ ಮಾಡ್ತೀರ! ಸ್ಟುಡಿಯೋದವ್ರು ಅಂದ್ರೆ ಹಂಗೇ." ನಗುತ್ತ ಅವಳ ಮೊಣಕೈ ಮುಟ್ಟಿ, ಮರ್ಯಾದೆಯಿಂದಲೇ, ಗೇಟಿನಾಚೆ ದಾಟಿಸಿದ.

ಆಚೆ ನಿಂತು ಅವಳು ತಿರುಗಿ ನೋಡಿದಳು. ಮೊದಲ ಹೆಂಗಸು ಬಾಯಿ ತೆರೆದಳು. ಎರಡನೆಯವಳು ತೆರೆದಳು. ಅಮ್ಮ ಕಣ್ಣು ಮುಚ್ಚಿಕೊಂಡು ತಲೆ ಹಿಂದಕ್ಕೆ ಬಾಗಿಸಿದಳು. ಟಾರ್ಚಿನವನು ಮೇಲಿನ ಸಾಲು ನೋಡಿದ, ಕೆಳಗಿನ ಸಾಲು ನೋಡಿದ, ನಾಲಗೆ ಎತ್ತು ಅಂದ. ಅಮ್ಮ ಎತ್ತಿದಳು. ಹೆಗಲ ಮೇಲಿನ ಮಗು ಏನದು ಎಂದು ಕೇಳಿತು.

ಒಬ್ಬೊಬ್ಬರಾಗಿ ಆರು ಜನವೂ ಹೊರಬಂದು, ಒಬ್ಬರಿಗೊಬ್ಬರು ಕಾದು, ಗುಂಪಾದರು. ಇಸ್ತ್ರಿಯಕ್ಕ ನೀರಿನ ಬಾಟಲಿ ತೆರೆದು ಕೊಟ್ಟಳು. ಅಮ್ಮ ಮುಕ್ಕಳಿಸಿ ರಸ್ತೆಯ ಬದಿಗೆ ಉಗಿದು ಬಾಟಲಿಯನ್ನು ಪಕ್ಕದವಳಿಗೆ ದಾಟಿಸಿದಳು. ಬಾಟಲಿ ಆರು ಕೈ ಸುತ್ತಿ ಖಾಲಿಯಾಯಿತು. ಅವರು ಬಸ್ ಸ್ಟಾಪಿನ ಕಡೆ ನಡೆದರು. ಅಮ್ಮ ಮಗಳ ಪಕ್ಕದಿಂದಲೇ ಹಾದುಹೋದಳು. ಮುಖ ತಿರುಗಿಸಲಿಲ್ಲ, ಮಾತಾಡಿಸಲೂ ಇಲ್ಲ.

ಬಸ್ಸು ಬಂದಾಗ ಹೆಂಗಸರು ಹತ್ತಿದರು. ಅಮ್ಮನಿಗೆ ಇಸ್ತ್ರಿಯಕ್ಕನ ಪಕ್ಕದಲ್ಲಿ ಜಾಗ ಸಿಕ್ಕಿತು. ಕತ್ತರಿ ಹಿಂದಿನ ಬಾಗಿಲಿನಿಂದ ಹತ್ತಿ, ಕಂಬಿ ಹಿಡಿದು ನಿಂತಳು. ಆರು ತಲೆಗಳು ಒಂದಕ್ಕೊಂದು ವಾಲಿಕೊಂಡು ಏನೋ ಮಾತಾಡುತ್ತಿದ್ದವು. ಏನೆಂದು ಅವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ಹತ್ತಿರ ಹೋಗಲಿಲ್ಲ.